ಮಗಳ ಪಥ್ಯ

ತೂಕ ಇಳಿಸಲು ಮಗಳ ಹೊಟ್ಟೆಯನ್ನು ಆಪರೇಷನ್ ಮಾಡಿ ಚಿಕ್ಕದು ಮಾಡಿದ್ದರು. ಪ್ರೋಟೀನ್ ಸಾಲದೆ ಕೂದಲು ಉದುರಿತು. ಮೊನ್ನೆ ಬಚ್ಚಲಲ್ಲಿ ಕುಸಿದುಬಿದ್ದಳು. ಹೆಸರುಬೇಳೆ, ಪನೀರು, ಸೋಯಾ ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಾಂಸ ಬೇಡವೆಂದರೆ ಮೊಟ್ಟೆಯನ್ನಾದರೂ ಕೊಡಿ ಎಂದರು ಡಾಕ್ಟರು.

ತಾಯಿ ತೀರಿಕೊಂಡ ಮೇಲೆ ಅಡುಗೆ ತಂದೆಯದೇ. ಮಧ್ಯಾಹ್ನ ತಟ್ಟೆ ತಂದಿಟ್ಟರು.

"ಇದೇನಪ್ಪ?"

"ಮೊಟ್ಟೆ. ನಾನೇ ಬೇಯಿಸಿದೆ. ಸಿಪ್ಪೆ ಸರಿಯಾಗಿ ಬಿಡಲಿಲ್ಲ."

"ನಿಮಗೇನು ತಲೆ ಕೆಟ್ಟಿತೇ? ಅಮ್ಮ ಇದ್ದಿದ್ದರೆ ಇಬ್ಬರನ್ನೂ ಆಚೆ ಹಾಕುತ್ತಿದ್ದಳು."

"ಅವಳಿಲ್ಲ. ನೀನು ಉಳಿಯಬೇಕು."

"ಮುತ್ತಜ್ಜನ ಕಾಲದ ಸಾಲಿಗ್ರಾಮ ಇರುವ ಮನೆ ಅಪ್ಪ. ನಾಳೆ ಯಾವ ಕೈಯಿಂದ ಪೂಜೆ ಮಾಡುತ್ತೀರಿ?"

ತಂದೆ ಉಪ್ಪಿನ ಬಟ್ಟಲನ್ನು ಅವಳತ್ತ ಸರಿಸಿದರು.

"ಸಾಲಿಗ್ರಾಮವನ್ನು ಬೆಳಿಗ್ಗೆಯೇ ಮಠಕ್ಕೆ ಒಪ್ಪಿಸಿ ಬಂದೆ. ಆರುವ ಮೊದಲು ತಿನ್ನು."