ಎಡಗೈ

ಧರ್ಮಣ್ಣನಿಗೆ ಐದನೇ ಫೌಲ್ ಬಿತ್ತು. ರೆಫರಿ ಹೊರಗೆ ಹೋಗೆಂದು ಕೈ ತೋರಿಸಿದ. ಆಳಂದ ತಂಡದ ಬೆಂಚಿನ ಮೇಲೆ ಉಳಿದಿದ್ದವನು ಭಗವಂತ ಒಬ್ಬನೇ. ನಾಲ್ಕು ವರ್ಷದಿಂದ ಆ ಬೆಂಚಿನ ಮೇಲೇ ಕೂತವನು. ಬೆಂಚು ಎದ್ದು ಓಡಿಹೋಗದಂತೆ ಕಾಯುವುದೇ ಅವನ ಕೆಲಸ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು.

“ಏಳಲೇ, ನಡಿ ಒಳಗ,” ಎಂದರು ಬಾಸ್ಕೆಟ್‌ಬಾಲ್ ಕಲಿಸುವ ಚಂದ್ರಾಮಪ್ಪ ಮಾಸ್ತರರು.

“ನಾನೇನ್ರಿ?”

“ಮತ್ತ ನಿನ್ನ ಬಾಜೂಕ ಯಾರರ ಕುಂತಾರೇನು?”

ಎದುರಿಗೆ ಅಫಜಲಪುರದ ತಂಡ. ಆಳಂದ ಒಂದೇ ಒಂದು ಪಾಯಿಂಟು ಮುಂದಿತ್ತು, ಆಟ ಮುಗಿಯಲು ಎರಡು ನಿಮಿಷವಿತ್ತು. ಭಗವಂತ ಫರಸಿ ಕಲ್ಲು ಹಾಸಿದ ಅಂಗಳಕ್ಕೆ ಇಳಿಯುತ್ತ ಮೈದಾನದ ಪಕ್ಕದ ಅಂಬುಬಾಯಿಯ ಮಾಳಿಗೆಯತ್ತ ಕಣ್ಣೆತ್ತಿದ. ಓಣಿಯ ಹೆಂಗಸರ ನಡುವೆ ಹೆಂಡತಿ ಶಿವಕಾಂತಾ ನಿಂತಿದ್ದಳು. ಪ್ರತಿ ಪಂದ್ಯಕ್ಕೂ ಅವನು ಇಸ್ತ್ರಿ ಮಾಡಿದ ಬನಿಯನ್ ತೊಟ್ಟು ಹೋಗುತ್ತಿದ್ದ, ಸಂಜೆ ಇಸ್ತ್ರಿ ಕೆಡದೆ ಮರಳುತ್ತಿದ್ದ. “ಈ ಅಂಗಿ ತೊಳಿಯೂ ಯೋಗ ನನಗ ಯಾವಾಗ ಬರ್ತದ್ರಿ?” ಎಂದು ಅವಳು ಮೊನ್ನೆ ನಗುತ್ತಲೇ ಕೇಳಿದ್ದಳು. ಅವಳು ನಕ್ಕಿದ್ದಳು, ಅವನಿಗೆ ನಗು ಬಂದಿರಲಿಲ್ಲ. ಅವಳ ಕಣ್ಣೆದುರು ಒಂದೇ ಒಂದು ಬಾಲು ರಿಂಗಿನೊಳಗೆ ಹಾಕಬೇಕು, ಅಷ್ಟಾದರೆ ಸಾಕು ಎಂದು ಅವತ್ತಿನಿಂದ ಅವನ ಜೀವ ತುಡಿಯುತ್ತಿತ್ತು.

ಹಾಗೆಂದು ಅವನು ಬರೀ ಕೂತು ಉಂಡವನಲ್ಲ. ಅಫಜಲಪುರದ ಶಮಶಾದ ಎಡಗೈಯವನು. ಹೋದ ವರ್ಷ ಆಳಂದದವರನ್ನು ಒಬ್ಬನೇ ನೀರು ಕುಡಿಸಿ ಕಳಿಸಿದ್ದ. ಅದಕ್ಕೇ ಮಾಸ್ತರರು ಈ ಸಲ ಭಗವಂತನನ್ನು ಕರೆದು, “ನಾಳಿಂದ ನೀನ ಶಮಶಾದ,” ಎಂದಿದ್ದರು. ಎರಡು ತಿಂಗಳು ಭಗವಂತ ಎಡಗೈಯಲ್ಲಿ ಬಾಲು ಕುಟ್ಟಿದ, ಎಡಕ್ಕೆ ತಿರುಗಿದ, ಎಡಗಾಲ ಮೇಲೆ ಜಿಗಿದ. ಉಳಿದವರು ಅವನನ್ನು ತಡೆದು ತಡೆದು ಶಮಶಾದನನ್ನು ತಡೆಯುವುದು ಕಲಿತರು. ತನ್ನ ಸೈಕಲ್ ಅಂಗಡಿಯಲ್ಲೂ ಅವನು ಪಾನಾ ಹಿಡಿಯುವುದು ಎಡಗೈಯಲ್ಲೇ ಆಯಿತು. ಒಂದು ದಿನ ರೊಟ್ಟಿಗೂ ಎಡಗೈ ಹಾಕಿದಾಗ ಶಿವಕಾಂತಾ ಸಿಟ್ಟಾಗಿದ್ದಳು. “ಆ ಶಮಶಾದರೂ ಬಲಗೈಲೇ ಉಣ್ತಾರ್ರಿ!”

ಇವತ್ತು ಶಮಶಾದನ ಕೈ ಕಟ್ಟಿಹಾಕಿದಂತಾಗಿತ್ತು. ಅವನನ್ನು ತಡೆದ ಧರ್ಮಣ್ಣನಿಗೆ ಜನ ಚಪ್ಪಾಳೆ ತಟ್ಟಿದ್ದರು. ಧರ್ಮಣ್ಣ ಇದನ್ನೆಲ್ಲ ಯಾರ ಮೇಲೆ ಕಲಿತ ಎಂದು ಯಾರೂ ಕೇಳಲಿಲ್ಲ. ಯಾಕಾದರೂ ಕೇಳುತ್ತಾರೆ?

“ಭಗವಂತಾ, ತಗೋ!”

ಕೊನೆಯ ಅರೆ ನಿಮಿಷದಲ್ಲಿ ತಂಡದ ಮಲ್ಲಣ್ಣ ಎಸೆದ ಬಾಲು ನೇರ ಕೈಗೆ ಬಂತು. ರಿಂಗು ತಲೆಯ ಮೇಲೇ ಇತ್ತು, ಬಲಗಡೆ ಒಬ್ಬನೂ ಇರಲಿಲ್ಲ. ಬಲಗೈ ಎತ್ತಿ ಹಾಕಿದರೆ ಮುಗಿಯುತ್ತಿತ್ತು. ಆದರೆ ಅವನ ಮೈ ಎಡಕ್ಕೆ ತಿರುಗಿತು, ಎಡಗೈ ತಾನಾಗಿ ಮೇಲೆದ್ದಿತು. ಎಡಕ್ಕೆ ನಿಂತಿದ್ದವನು ಸಾಕ್ಷಾತ್ ಶಮಶಾದ. ತನ್ನ ಶಾಟ್ ತನಗೆ ಗೊತ್ತಿರುವುದಿಲ್ಲವೇ? ಹಾರಿ ಬಾಲನ್ನು ತಟ್ಟಿ ಕಸಿದುಕೊಂಡು ಓಡಿದ.

ಭಗವಂತನಿಗೆ ಅಳುವೇ ಬಂದಂತಾಯಿತು. ಅಳಲು ಪುರಸೊತ್ತಿರಲಿಲ್ಲ, ಬೆನ್ನಟ್ಟಿದ. ಆ ತುದಿಯಲ್ಲಿ ಶಮಶಾದ ಬಲಭುಜ ಬಾಗಿಸಿದ, ಆಳಂದದವರೆಲ್ಲ ಅವನ ಬಲಕ್ಕೆ ವಾಲಿದರು. ಭಗವಂತ ಮಾತ್ರ ಅವನ ಎಡಕ್ಕೆ ಹೋಗಿ ನಿಂತ. ಭುಜ ಹಾಗೆ ಬಾಗಿದ ಮೇಲೆ ಕಾಲು ಎತ್ತ ಹೋಗುತ್ತದೆಂದು ಭಗವಂತನ ಸ್ವಂತ ಭುಜಕ್ಕೆ ಗೊತ್ತಿತ್ತು. ಬಾಲು ಬಂದು ಅವನ ಎದೆಗೇ ಬಡಿಯಿತು. ಅದನ್ನು ಅಪ್ಪಿಕೊಂಡು, ಉಳಿದಿದ್ದ ಮೂರ್ನಾಲ್ಕು ಸೆಕೆಂಡು ಕಳೆದು ಸೀಟಿ ಊದುವ ತನಕ ಬಿಡಲಿಲ್ಲ.

ಆಳಂದ ಗೆದ್ದಿತು. ಜನ ಒಳಗೆ ನುಗ್ಗಿ ಎಲ್ಲರಿಗಿಂತ ಹೆಚ್ಚು ಪಾಯಿಂಟು ಹಾಕಿದ ಮಲ್ಲಣ್ಣನನ್ನು ಹೆಗಲ ಮೇಲೆ ಹೊತ್ತರು. ಭಗವಂತನ ಹತ್ತಿರ ಬಂದವನು ಸೋತ ಶಮಶಾದ ಒಬ್ಬನೇ.

“ಏನ್ ಭಾಯಿ, ನನ್ನ ಹೊಟ್ಟ್ಯಾಗ ಹೊಕ್ಕು ಕುಂತಿದ್ರೇನ್ರಿ?” ಎಂದು ನಗುತ್ತ ಕೈ ಹಿಡಿದ. “ಅದಿರ್ಲಿ, ನೀವು ಹೊಡದದ್ದು ನನ್ನ ಶಾಟ್. ನಿಮ್ಮ ಶಾಟ್ ಯಾವ್ದು?”

ಭಗವಂತ ತನ್ನ ಬಲಗೈ ನೋಡಿಕೊಂಡ. ಅಷ್ಟರಲ್ಲಿ ಮಾಸ್ತರರು ಬಂದು ಬೆನ್ನು ತಟ್ಟಿದರು.

“ಶಾಬಾಸ್! ನಾಳಿ ಮಧ್ಯಾಹ್ನ ಜೇವರ್ಗಿಯವರ ಕೂಡ ಫೈನಲ್ ಅದ. ಅವರ ಗುರಣ್ಣ ದೂರ ನಿಂತು, ಮೊಳಕಾಲು ಮಡಚಿ ಒಗಿತಾನ. ಮುಂಜಾನೆ ಜಲ್ದಿ ಬಾ. ನಾಳಿ ನೀ ಗುರಣ್ಣ.”

“ಹೂಂನ್ರಿ,” ಎಂದ ಭಗವಂತ.

ಮನೆಗೆ ಬಂದಾಗ ಶಿವಕಾಂತಾ ಬಚ್ಚಲಲ್ಲಿ ಬಕೆಟ್ಟಿಗೆ ನೀರು ತುಂಬಿ, ಸೋಪು ಹಿಡಿದು ಕಾಯುತ್ತಿದ್ದಳು. ಅವನು ಬನಿಯನ್ ಬಿಚ್ಚಿದ. ಒದ್ದೆ ಬಟ್ಟೆ ಮೈಗಂಟಿ ಸುಲಭಕ್ಕೆ ಬರಲಿಲ್ಲ. ಅವಳು ಕೈ ಚಾಚಿದಳು, ಅವನು ಕೊಡಲಿಲ್ಲ.

“ಕೊಡ್ರಿ, ನಾಳಿಗಿ ಬೇಕಲ್ಲ. ಈಗ ತೊಳದು ಹಾಕಿದ್ರ ಒಣಗ್ತದ.”

“ತೊಳೀಬ್ಯಾಡ ಬೇ.”

“ಯಾಕ್ರಿ?”

ಭಗವಂತ ಬನಿಯನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಇವತ್ತು ಹೊಡದ ಶಾಟ್ ಶಮಶಾದಂದು. ನಾಳಿ ಆಡೋ ಆಟ ಗುರಣ್ಣಂದು,” ಎಂದ. “ಈ ಬೆವರೊಂದು ನಂದದ. ಇರ್ಲಿ ಬಿಡು.”