ತಡವಾಗಿ ಬಂದ ಅಕ್ಷರಗಳು

"ಹೆಸರು?" ಎಂದು ಪಾದ್ರಿ ಮೊವ್ಸೆಸ್ ಕೇಳಿದರು. ಜ್ಞಾನಸ್ನಾನದ ದಾಖಲೆ ಪುಸ್ತಕ ಅವರ ಮುಂದೆ ತೆರೆದಿತ್ತು.

ಎದುರಿಗೆ ಕೂತಿದ್ದ ಓಫೆಲ್ಯಾ ನಕ್ಕರು. "ಪೆನ್ನು ಇನ್ನೂ ಮುಷ್ಟೀಲೇ ಹಿಡೀತೀಯಲ್ಲ. ಒಂದನೇ ಕ್ಲಾಸಲ್ಲಿ ಎಷ್ಟು ಹೇಳಿದ್ದೆ."

ಪಾದ್ರಿ ಬೆರಳು ಸರಿಮಾಡಿಕೊಂಡರು. "ಹೇಳಿದ್ರಿ, ಕಾಮ್ರೇಡ್ ಓಫೆಲ್ಯಾ."

"ಚರ್ಚೊಳಗಾದ್ರೂ ಕಾಮ್ರೇಡ್ ಅನ್ಬೇಡ್ವೋ."

ಅಭ್ಯಾಸ ಬಿಡದು. ಸೋವಿಯತ್ ಸರ್ಕಾರ ಹೋಗಿ ಎಷ್ಟೋ ಕಾಲವಾದರೂ ಅರ್ಮೇನಿಯದ ಮಕ್ಕಳಿಗೆ ಟೀಚರ್ ಎಂದರೆ ಕಾಮ್ರೇಡೇ. ಊರಿಗೆಲ್ಲ ನಲವತ್ತು ವರ್ಷ ಅಕ್ಷರ ಕಲಿಸಿದ ಓಫೆಲ್ಯಾಗೆ ಮಾತ್ರ ಜ್ಞಾನಸ್ನಾನವಾಗಿರಲಿಲ್ಲ; ಆ ಕಾಲದಲ್ಲಿ ಟೀಚರ್ ಚರ್ಚಿನ ಮೆಟ್ಟಿಲು ಹತ್ತಿದರೆ ಕೆಲಸಕ್ಕೆ ಸಂಚಕಾರ. ಗಂಡ ತೀರಿಕೊಂಡು ಮೂರು ವರ್ಷ. ಗೋರಿಗಲ್ಲಿನಲ್ಲಿ ಅವರ ಹೆಸರಿನ ಮೇಲೆ ಶಿಲುಬೆ ಇದೆ. ಅಲ್ಲಿನ ರೂಢಿಯಂತೆ ಪಕ್ಕದಲ್ಲಿ ಇವರ ಹೆಸರು, ಹುಟ್ಟಿದ ವರ್ಷ, ಅದರ ಮುಂದಿನ ಗೆರೆ ಎಲ್ಲ ಆಗಲೇ ಕೆತ್ತಿ ಆಗಿದೆ. ಜ್ಞಾನಸ್ನಾನವಾಗದ್ದರಿಂದ ಶಿಲುಬೆಯ ಜಾಗ ಮಾತ್ರ ಖಾಲಿ. ಅದಕ್ಕೇ ಬಂದಿದ್ದರು.

"ಓಫೆಲ್ಯಾ ಅನ್ನೋ ಸಂತರು ಯಾರೂ ಇಲ್ಲ," ಎಂದರು ಪಾದ್ರಿ. "ಮರಿಯಮ್ ಅಂತ ಬರೀಲಾ? ಗಯಾನೆ? ಪಾದ್ರಿ ಆಗೋವಾಗ ನನಗೂ ಹೊಸ ಹೆಸರು ಕೊಟ್ರಲ್ಲ. ಸ್ಪಾರ್ತಾಕ್ ಹೋಗಿ ಮೊವ್ಸೆಸ್ ಆದೆ."

"ನಿನ್ನ ಹೆಂಡ್ತಿ ಏನಂತ ಕರೀತಾಳೆ?"

"ಸಿಟ್ಟು ಬಂದಾಗ ಸ್ಪಾರ್ತಾಕ್."

"ನೋಡು ಮತ್ತೆ. ಕಲ್ಲಲ್ಲಿ ಓಫೆಲ್ಯಾ ಅಂತಿದೆ. ಮರಿಯಮ್ ಹೋಗಿ ಪಕ್ಕದಲ್ಲಿ ಮಲಗಿದ್ರೆ ನಮ್ಮೆಜಮಾನ್ರು ಯಾರಮ್ಮ ನೀನು ಅಂತಾರೆ."

ಪಾದ್ರಿ ನಗಲಿಲ್ಲ. "ಹಟಕ್ಕೆ ಹೇಳ್ತಿಲ್ಲ ನಾನು. ಎಲ್ಲರಿಗಿಂತ ಮೊದಲು ಕ್ರಿಸ್ತನನ್ನ ಒಪ್ಪಿದ ದೇಶ ನಮ್ಮದು. ನಮ್ಮ ಅಕ್ಷರಮಾಲೆ ಹುಟ್ಟಿದ್ದೂ ಬೈಬಲ್ ಬರೆಯೋದಕ್ಕೆ. ಮೊದಲ ಅಕ್ಷರ ದೇವರ ಹೆಸರಿಂದು, ಕೊನೇದು ಕ್ರಿಸ್ತನ ಹೆಸರಿಂದು. ಆ ಎರಡರ ನಡುವೆ ಇರೋರು ನಾವು."

"ಭಾನುವಾರಾನೂ ಇದನ್ನೇ ಹೇಳ್ದೆ. ಹಿಂದೆ ಕೂತಿದ್ದೆ, ಬಂದು ಕಿವಿ ಹಿಂಡೋಣ ಅನ್ನಿಸ್ತು. ಕೊನೇದು ಕ್ರಿಸ್ತನದಾ? ಎಲ್ಲಿ, ಪೂರ್ತಿ ಹೇಳು."

ಪಾದ್ರಿ ಕಣ್ಣು ಮುಚ್ಚಿ, ಒಂದನೇ ಕ್ಲಾಸಿನ ರಾಗದಲ್ಲೇ ಶುರುಮಾಡಿದರು. ಕ್ರಿಸ್ತನ ಅಕ್ಷರ ಬಂತು. ರಾಗ ಅಲ್ಲಿ ನಿಲ್ಲಲಿಲ್ಲ. ಬಾಯಿ ತಾನಾಗಿ ಮುಂದಕ್ಕೆ ಹೋಗಿ ಕೊನೆ ಮುಟ್ಟಿತು: "ಓ... ಫ."

ಕಣ್ಣು ತೆರೆದರು.

"ಏಳೆಂಟು ನೂರು ವರ್ಷ ಆದ್ಮೇಲೆ ಬಂದು ಸೇರಿದವು ಅವೆರಡು," ಎಂದರು ಓಫೆಲ್ಯಾ. "ಹೆಸರು ಬದಲಾಯಿಸ್ಕೊಂಡು ಬನ್ನಿ ಅಂತ ಯಾರೂ ಅನ್ಲಿಲ್ಲ. ನಾನು ಅರವತ್ತೆಂಟು ವರ್ಷಕ್ಕೇ ಬಂದಿದ್ದೀನಿ."

ಪಾದ್ರಿ ಪೆನ್ನನ್ನು ಸರಿಯಾಗಿ ಹಿಡಿದು ಆ ಎರಡು ಅಕ್ಷರಗಳನ್ನು ದುಂಡಗೆ ಬರೆದರು; ಉಳಿದವು ಹಿಂದೆಯೇ ಬಂದವು.

ತೊಟ್ಟಿಯ ನೀರು ಬೆಚ್ಚಗಿತ್ತು. ಪಾದ್ರಿ ಬೊಗಸೆ ತುಂಬಿಕೊಂಡು ದನಿ ಎತ್ತಿದರು.

"ದೇವರ ದಾಸಿ, ಕಾಮ್ರೇಡ್ ಓಫೆಲ್ಯಾ..."

ಈ ಸಲ ಓಫೆಲ್ಯಾ ತಿದ್ದಲಿಲ್ಲ. ತಲೆ ಬಗ್ಗಿಸಿದರು.