ಅಡ್ಡ ಹಿಡಿದ ಅಂಗೈ

"ಇದು ಬೇಗ ಕಾಪಿ ಮಾಡುತ್ತೆ, ಇದು ತಾರೀಖಿನ ಪ್ರಕಾರ ಜೋಡಿಸುತ್ತೆ. ಯಾವ ಸಾಫ್ಟ್‌ವೇರ್ ಹಾಕ್ಲಿ ಅಂಕಲ್?" ಕಂಪ್ಯೂಟರ್ ಅಂಗಡಿಯಾಕೆ ಕ್ಯಾಮೆರಾಕ್ಕೆ ಕೇಬಲ್ ಸಿಕ್ಕಿಸುತ್ತಾ ಕೇಳಿದಳು.

"ಡಿಲೀಟ್ ಆಗಿರೋದನ್ನೂ ತರೋದು ಹಾಕಮ್ಮಾ," ಎಂದರು ಕ್ಯಾಮೆರಾ ತಂದಿದ್ದ ಟೈಲರ್. "ನಾನು ತೆಗೆದಾಗೆಲ್ಲ ನಮ್ಮನೆಯವಳು 'ಈ ಮೋರೆಗೆ ಫೋಟೋ ಬೇರೆ ಕೇಡು' ಅಂತ ಅಲ್ಲೇ ಡಿಲೀಟ್ ಮಾಡೋಳು. ತೀರ್ಕೊಂಡು ತಿಂಗಳಾಯ್ತು, ಮನೇಲಿ ಅವಳದೊಂದು ಫೋಟೋ ಇಲ್ಲ."

ಮೂವತ್ತೊಂದು ಫೋಟೋ ಮರಳಿ ಬಂದವು. ಒಂದೊಂದರಲ್ಲೂ ಲೆನ್ಸಿಗೆ ಅಡ್ಡ ಹಿಡಿದ ಅಂಗೈ.

"ಮುಖ ಒಂದರಲ್ಲೂ ಇಲ್ಲ ಅಂಕಲ್." ಆಕೆಯ ದನಿ ಇಳಿಯಿತು. "ಡಿಲೀಟ್ ಮಾಡ್ಲಾ?"

ಟೈಲರ್ ಪರದೆಗೆ ಬಾಗಿದರು. ಅವರು ಹೊಲಿದ ಅಂಗಿಗಳಿಗೆ ಗುಂಡಿ ಹಾಕುವಾಗ ಹೆಂಡತಿ ಚುಚ್ಚಿಸಿಕೊಂಡ ಸೂಜಿಯ ಕಲೆಗಳು ಬೆರಳ ತುದಿಯಲ್ಲಿ ಹಾಗೇ ಇದ್ದವು.

"ಬೇಡಮ್ಮಾ. ಡಿಲೀಟ್ ಮಾಡೋಳೇ ಈಗಿಲ್ವಲ್ಲ."